ಕಾಲಂ ಏಳು

ವರ್ಷದ ವರದಿಗೆ ಒಂದು ಪುಟ ನಾನು ಬರೆಯಬೇಕಂತೆ:
ವಿಮೆಯಿಂದ ಈ ನಾಡಿಗೆ ಬಂದದ್ದೇನು,
ಎಷ್ಟು ರಿಯಾಲು, ಎಷ್ಟು ಜನಕ್ಕೆ ಕೆಲಸ.
ಮೇಲಿನಿಂದ ಬಂದ ತಖ್ತೆಯಲ್ಲಿ ಎಂಟು ಕಾಲಂ.
ಏಳನೆಯದು: ಉದ್ಯೋಗ, ನೇರ ಮತ್ತು ಪರೋಕ್ಷ.

ನೇರ ಸುಲಭ.
ರೂವಿಯ ಈ ಕಚೇರಿಯಲ್ಲಿ ಬೆಳಿಗ್ಗೆ ಯಂತ್ರಕ್ಕೆ ಬೆರಳೊತ್ತುವವರು,
ನೂರ ಹನ್ನೆರಡು, ನನ್ನ ಬೆರಳೂ ಸೇರಿ.
ಟ್ರೈನಿಗಳನ್ನು ಎಣಿಸುವುದಿಲ್ಲ.

ಪರೋಕ್ಷ ಅಂದರೆ ಯಾರು?
ಹೋದ ವಾರ ವಾದಿ ಕಬೀರಿನ ಗ್ಯಾರೇಜಿಗೆ ಹೋಗಿದ್ದೆ,
ಮಳೆನೀರಲ್ಲಿ ಉರುಳಿದ ಪಿಕಪ್ ಒಂದರ ಸರ್ವೆಗೆ.
ಬಾನೆಟ್ ಎತ್ತಿದರೆ ಕೆಸರು, ಕೆಸರಿನೊಳಗೆ ಒಂದು ಈರುಳ್ಳಿ,
ಮೊಳಕೆ ಬಂದದ್ದು.
ಗಾಡಿಯನ್ನು ಕಣಿವೆಯಿಂದ ಎಳೆದು ತಂದವನು ಪೇಶಾವರದ ಗುಲ್‌ಝಮೀನ್.
ತಗಡು ನೆಟ್ಟಗೆ ಮಾಡುವವನು ಸಿಲ್‌ಹಟ್‌ನ ಮೋತಾಲಿಬ್:
ಬಡಿಯುತ್ತಾನೆ, ಕಿವಿಗೊಡುತ್ತಾನೆ, ಮತ್ತೆ ಬಡಿಯುತ್ತಾನೆ,
ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರ ಹಾಗೆ.
ಬಣ್ಣ ಹೊಡೆಯುವವನಿಗೆ ರೆಪ್ಪೆಯೂ ಬಿಳಿ.
ಕರಕ್ ಚಹಾ ಹಿಡಿದು ಓಡಾಡುವ ಹುಡುಗ,
ಅವನ ಅಂಗಡಿಯ ಯಜಮಾನ, ಭಟ್ಕಳದ ದಾಮೂದಿ.
ಒಂದು ನಜ್ಜುಗುಜ್ಜು ಬಾಗಿಲಿನ ಸುತ್ತ ಇಷ್ಟು ಜನ ಉಣ್ಣುತ್ತಾರೆ.
ಯಾರದೋ ನಷ್ಟಕ್ಕೆ ಎಷ್ಟು ಒಲೆ ಉರಿಯುತ್ತವೆ!
ಹೀಗೆ ಬರೆದರೆ ಮ್ಯಾನೇಜರು ಹೊಡೆದುಹಾಕುತ್ತಾರೆ.
ಗುಣಕ ಪರಿಣಾಮ ಅಂತ ಹಾಕಿ, ಅನ್ನುತ್ತಾರೆ.
ಹಾಕಿದೆ.

ಪಕ್ಕದ ಕುರ್ಚಿಯಲ್ಲಿ ಆರು ತಿಂಗಳಿಂದ ಝುವೈನಾ,
ಕುರಯ್ಯಾತಿನ ಮೀನುಗಾರನ ಮಗಳು.
ಚಂಡಮಾರುತದ ವರ್ಷ ಅಪ್ಪನ ದೋಣಿ ಹೋಯಿತು ಅಂದಳು.
ವಿಮೆ? ಅಂದೆ. ಬಾಯಿಗೆ ಅಭ್ಯಾಸ.
"ಕಡಲಿನ ಮೇಲೆ ಪಂಥ ಕಟ್ಟಬಾರದು ಅನ್ನುತ್ತಿದ್ದ ಅಪ್ಪ.
ನಲವತ್ತು ಮನೆಯವರು ತಲಾ ಐವತ್ತು ರಿಯಾಲು ಹಾಕಿ
ಬೇರೆ ದೋಣಿ ತೆಗೆದುಕೊಟ್ಟರು."
ಎರಡು ಫೈಲು ಮುಗಿಸಿದ ಮೇಲೆ, ತಲೆ ಎತ್ತದೆ:
"ನಾವು ಮಾಡುವುದೂ ಅದೇ ಅಲ್ಲವೆ ಉಸ್ತಾದ್,
ಒಬ್ಬರ ಮುಖ ಒಬ್ಬರು ನೋಡದೆ?"

ನಾನು ಇಪ್ಪತ್ತಮೂರು ವರ್ಷ ಬೆರಳುಗಳ ದರಪಟ್ಟಿ ನೋಡಿದವನು.
ಹೆಬ್ಬೆರಳಿಗೆ ಇಷ್ಟು, ಕಿರುಬೆರಳಿಗೆ ಇಷ್ಟು.
ಸೋಹಾರಿನ ಕಾರ್ಖಾನೆಯಿಂದ ಬಂದಿದ್ದ ಒಬ್ಬ ತೆಲುಗಿನವ
ಉಳಿದ ಮೂರು ಬೆರಳಲ್ಲಿ ಸಹಿ ಹಾಕಿ
ಚೆಕ್ಕನ್ನು ಕಣ್ಣಿಗೊತ್ತಿಕೊಂಡ.
ಅವನು ಸೇರುವುದು ಕಾಲಂ ಐದಕ್ಕೆ, ಪಾವತಿಸಿದ ಪರಿಹಾರ.
ಮೊತ್ತ ಲಕ್ಷಗಳಲ್ಲಿರಬೇಕು.
ಅವನು ಬಿಂದುವಿನ ಆಚೆ ಎಲ್ಲೋ ಬರುತ್ತಾನೆ.

ಜೂನಿಗೆ ನನ್ನ ವೀಸಾ ಮುಗಿಯುತ್ತದೆ. ಮೇಜು ಝುವೈನಾಳದು.
ಸರಿಯೇ. ಅವಳ ನಾಡು, ಅವಳ ಕುರ್ಚಿ.
ನಾನು ಬಂದ ದಿನ ಈಜಿಪ್ಟಿನವನೊಬ್ಬ
ಇದೇ ಮೇಜು ಒರೆಸಿ ಕೊಟ್ಟು ಹೋಗಿದ್ದ;
ಡ್ರಾಯರಿನ ಮೂಲೆಯಲ್ಲಿ ಅವನ ಸೂಜಿದಾರ ಇನ್ನೂ ಇದೆ.
ಅಂಗಿಯ ಗುಂಡಿ ಕಿತ್ತಾಗ ನನಗೂ ಆಗಿದೆ.

ಅವಳಿಗೆ ಕಲಿಸಿದೆ:
ಮುಳುಗಿದ ಗಾಡಿಯ ಸೀಟಿನಡಿ ಕೈ ಹಾಕಿ ನೋಡು,
ಮಾಲೀಕ ಏನೇ ಹೇಳಲಿ, ನೀರು ತಾನು ಏರಿದಷ್ಟಕ್ಕೆ ಗೆರೆ ಎಳೆದಿರುತ್ತದೆ.
ಗಂಡ ಸತ್ತವಳು ಬಂದರೆ ಮೊದಲು ಕುಡಿಯಲು ನೀರು,
ಆಮೇಲೆ ಫಾರಂ.
ಬರೆದುಕೊಂಡಳು, ಎರಡನೆಯದರ ಕೆಳಗೆ ಗೀಟು ಹಾಕಿ.

ಮುಂದಿನ ವರ್ಷದ ಅಂದಾಜಿಗೂ ಒಂದು ಖಾನೆ ಇದೆ.
ನಾನು ಎದ್ದೆ, ಅವಳು ಕೂತಳು ಅಂತಿಟ್ಟುಕೊಂಡರೆ
ನೂರ ಹನ್ನೆರಡೇ.
ಝುವೈನಾ ಮತ್ತೊಮ್ಮೆ ಕೂಡಿ ನೋಡಿದಳು.
"ತಾಳೆಯಾಗುತ್ತದೆ ಉಸ್ತಾದ್."
ಆಗುತ್ತದೆ.

ಸಂಜೆ ಮೋತಾಲಿಬನ ಫೋನು: ಎಂಜಿನ್ ಎದ್ದಿದೆ ಸಾಬ್.
ಆಮೇಲೆ, ಆ ಈರುಳ್ಳಿ,
ಗ್ರೀಸಿನ ಡಬ್ಬದಲ್ಲಿ ಮಣ್ಣು ತುಂಬಿ ನೆಟ್ಟಿದ್ದೇನೆ,
ಅದೂ ಪಾಲಿಸಿಯಲ್ಲಿ ಬರುತ್ತದೆಯೆ?
ಹಿಂದೆ ಯಾರೋ ತಗಡು ಬಡಿಯುತ್ತಿದ್ದರು,
ಅವನು ನಗುತ್ತಿದ್ದದ್ದು ಅರ್ಧ ಮಾತ್ರ ಕೇಳಿಸಿತು.