ತಿಳಿ

ಟೆಗ್ವೆನ್, ನೀನು ಹೊಸಬಳು, ಅದಕ್ಕೇ ಹೇಳುತ್ತಿದ್ದೇನೆ.
ತರಬೇತಿಯ ದಿನ ಪರದೆಯ ಮೇಲೆ ನಾಲ್ಕೇ ಮಾತು ತೋರಿಸುತ್ತಾರೆ:
ತಿಳಿಯಬಲ್ಲರೇ, ನೆನಪಲ್ಲಿ ಹಿಡಿಯಬಲ್ಲರೇ,
ತೂಗಬಲ್ಲರೇ, ಹೇಳಬಲ್ಲರೇ.
ಆಮೇಲೆ ಬಿಸ್ಕತ್ತು ಕೊಡುತ್ತಾರೆ.

ಬ್ಯಾಂಗರಿನ ಆಸ್ಪತ್ರೆ, ಕಿಟಕಿಯ ಪಕ್ಕದ ಮಂಚ.
ಗೊರೊನ್ವಿ, ಎಂಬತ್ತಮೂರು,
ಬ್ಲೈನೈ ಫೆಸ್ಟಿನಿಯೋಗಿನ ಗಣಿಯಲ್ಲಿ ಸ್ಲೇಟು ಸೀಳಿದವನು.
ಲಕ್ವ ಹೊಡೆದು ಬಲಗೈ ಮಡಿಲಲ್ಲಿ ಬಿದ್ದಿತ್ತು
ಯಾರೋ ಮರೆತುಹೋದ ಕೈಚೀಲದ ಹಾಗೆ.
ಗಂಟಲಿಗೆ ದಾರಿ ಮರೆತಿತ್ತು: ನೀರು ಹೊಟ್ಟೆ ಬಿಟ್ಟು ಎದೆಗೆ ಇಳಿಯುತ್ತಿತ್ತು.
ಕುಡಿಯುವುದಕ್ಕೆಲ್ಲ ಪುಡಿ ಕಲಸಿ ಗಂಜಿಯಾಗಿಸಿ ಕೊಡಬೇಕೆಂದು
ತಲೆದೆಸೆಯಲ್ಲಿ ಹಳದಿ ಚೀಟಿ.
ಅವನು ಬಾಯಿ ಮುಚ್ಚಿದ.
ಮೂರು ದಿನ ಲೋಟವನ್ನು ಗೋಡೆ ಕಡೆ ತಳ್ಳಿದ.

ನನ್ನನ್ನು ಕರೆಸಿದರು.
ಬೆಳಗ್ಗೆ ಹತ್ತು ಇಪ್ಪತ್ತು, ಮಾತ್ರೆಯ ಮಂಪರು ಇನ್ನೂ ಇಳಿದಿರಲಿಲ್ಲ.
ಫಾರಮ್ಮು ಇಂಗ್ಲಿಷಿನಲ್ಲಿತ್ತು,
ನಾನೂ ಇಂಗ್ಲಿಷಿನಲ್ಲೇ ಕೇಳಿದೆ.
ಅವನು ನನ್ನ ಬಾಯಿಯನ್ನೇ ನೋಡಿದ,
ಗಾಜಿನಾಚೆ ತೇಲುವ ಮೀನನ್ನು ನೋಡುವಂತೆ.
ಇಲ್ಲ, ಇಲ್ಲ, ಇಲ್ಲ, ಇಲ್ಲ.
ನಾಲ್ಕು ಚೌಕ ತುಂಬಿದವು, ಅಕ್ಷರ ದುಂಡಗಿದ್ದವು.
ಸಹಿ ಹಾಕಿದ ಮೇಲೆ ಹಸಿವಾಯಿತು, ಅದೂ ನೆನಪಿದೆ.

ನೆಲ ಒರೆಸಲು ಬಂದ ನೆಸ್ಟಾ ಬಕೆಟ್ಟು ಕೆಳಗಿಟ್ಟು
ವೆಲ್ಷಿನಲ್ಲಿ ಏನೋ ಅಂದಳು, ಹೊರಗಿನ ಮಂಜಿನ ಬಗ್ಗೆ, ಅಷ್ಟೇ.
ಮುದುಕ ಉತ್ತರ ಕೊಟ್ಟ.
ಪೂರ್ತಿ ವಾಕ್ಯ. ಕ್ರಿಯಾಪದ ಸಮೇತ.
ಮೇಲೊಂದು ಬೈಗುಳ, ಕೊಸರಿಗೆ.

ಟೆಗ್ವೆನ್, ಅದು ನನ್ನಜ್ಜಿಯ ನುಡಿ. ನನಗೆ ಬರುತ್ತಿತ್ತು.
ಕೊಡಬಹುದಾದ ನೆರವೆಲ್ಲ ಕೊಟ್ಟು ಸೋಲುವ ತನಕ
ಒಬ್ಬರ ಕೈಲಾಗದು ಎನ್ನಕೂಡದು,
ಕಾನೂನಿನ ಮೊದಲ ಪುಟದಲ್ಲೇ ಇದೆ.
ಆ ಪುಟ ನನಗೆ ಬಾಯಿಪಾಠ. ಇಂಗ್ಲಿಷಿನಲ್ಲಿ.

ಮಧ್ಯಾಹ್ನ ಮತ್ತೆ ಹೋದೆ. ಅವನ ಎಡಕ್ಕೆ ಕುರ್ಚಿ ಎಳೆದು ಕೂತೆ.
"ಪುಡಿ ಹಾಕದೆ ಕುಡಿದರೆ ಏನಾಗುತ್ತೆ, ಗೊತ್ತಾ?"
"ಎದೆಗೆ ಹೋಗುತ್ತೆ. ಜ್ವರ ಬರುತ್ತೆ."
ನಿಂತ. ಪದ ಹುಡುಕಿದ. ನಾನು ಎತ್ತಿಕೊಡಲಿಲ್ಲ.
"ಆಮೇಲೆ ಚಾಪೆಲ್ಲಿನ ಹಿಂದೆ, ಹೆಂಡತಿಯ ಪಕ್ಕ."
"ಹಾಕಿ ಕುಡಿದರೆ?"
"ಇನ್ನಷ್ಟು ದಿನ ಗೋಂದು ನುಂಗಬೇಕು.
ನಲವತ್ತೊಂದು ವರ್ಷ ಕಲ್ಲಿನ ಧೂಳು ಕುಡಿದ ಎದೆ, ಹುಡುಗಿ,
ಇದನ್ನ ಚಹಾ ತೋರಿಸಿ ಹೆದರಿಸ್ತೀಯಾ?"

ಎಡಗೈ ಚಾಚಿ, ಫಾರಮ್ಮು ಸಿಕ್ಕಿಸಿದ ಹಲಗೆಯನ್ನು
ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ.
ಒಳ್ಳೆಯ ಸ್ಲೇಟು ಠಣ್ ಅನ್ನುತ್ತದಂತೆ,
ಒಳಗೆ ಬಿರುಕಿದ್ದದ್ದು ದಡ್ ಅನ್ನುತ್ತದಂತೆ.
"ಇದು ಛಾವಣಿಗೆ ಬರಲ್ಲ," ಅಂದ.

ಹೊಸ ಹಾಳೆ ತೆಗೆದೆ.
ತಿಳಿದಿದೆ, ಎಂದು ಬರೆದೆ.
ತಿಳಿಯಾದದ್ದೇ ಬೇಕಂತೆ, ಎಂದೂ.
ಅವಿವೇಕವೇ? ಡಾಕ್ಟರು ಹಾಗೇ ಅಂದರು,
ಮನಸ್ಸಿನಲ್ಲಿ ನಾನೂ ಅಂದುಕೊಂಡೆ.
ಅವಿವೇಕಕ್ಕೂ ಒಬ್ಬ ಒಡೆಯನಿರುತ್ತಾನೆ,
ಕಿತ್ತುಕೊಳ್ಳಲು ಅದು ನಮ್ಮದಲ್ಲ.
ನರ್ಸು ಚಹಾ ತಂದಳು, ಹಾಲು ಮುಂದಾಗಿ, ಎರಡು ಸಕ್ಕರೆ.
ಕುಡಿದ. ಕೆಮ್ಮಿದ. ಕಣ್ಣು ಕೆಂಪಾಯಿತು.
ಲೋಟ ಮಾತ್ರ ಬಿಡಲಿಲ್ಲ.

ಹನ್ನೊಂದನೇ ದಿನ ಜ್ವರ. ಹದಿಮೂರಕ್ಕೆ ಮಂಚ ಖಾಲಿ.
ತಂಗಿಮಗಳು ಎಲುನೆಡ್ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದಳು:
"ನೀವು ಯಾಕೆ ತಡೀಲಿಲ್ಲ?"
ಉತ್ತರ ಚೀಲದಲ್ಲೇ ಇತ್ತು, ಕಲಮಿನ ಸಂಖ್ಯೆ ಸಮೇತ.
ತೆಗೆಯಲಿಲ್ಲ.
ಊಟದ ಟ್ರಾಲಿ ಗಡಗಡ ಹಾದುಹೋಗುವ ತನಕ
ಸುಮ್ಮನೆ ಅವಳ ಪಕ್ಕ ನಿಂತೆ.

ಆ ಮೊದಲ ಹಾಳೆಯನ್ನು ಹರಿದಿಲ್ಲ, ಹರಿಯಕೂಡದು ಕೂಡ.
ಅಡ್ಡಗೆರೆ ಎಳೆದು, ದಿನಾಂಕ ಹಾಕಿ, ಕಡತದಲ್ಲೇ ಇಟ್ಟಿದ್ದೇನೆ.
ತೆಗೆದು ಓದು.
ಅಕ್ಷರ ಎಷ್ಟು ದುಂಡಗಿವೆ, ನೋಡು.