ಭಾರ ಕೂತ ಮೇಲೆ

ಉಪ್ಪಳ ಕೈಕಂಬದಲ್ಲಿ, ಮೀನಿನ ಲಾರಿಗಳ ಹಿಂದೆ,
ಅಂದುಂಞಿ ಮೇಸ್ತ್ರಿಯ ಶೆಡ್ಡು.
ಬೋರ್ಡು ಮಲಯಾಳದಲ್ಲಿ, ಲೆಕ್ಕದ ಪುಸ್ತಕ ಕನ್ನಡದಲ್ಲಿ,
ಬೈಗುಳಕ್ಕೆ ತುಳು.

'ಸ್ಟಾರ್ಟ್ ಮಾಡಿ ಟೀಚರೇ.'
ನಾನು ಟೀಚರಲ್ಲ, ಸಹಕಾರಿ ಬ್ಯಾಂಕಿನ ಅಟೆಂಡರು.
ಸೀರೆ ಉಟ್ಟು ಕಾರು ಬಿಡುವವರೆಲ್ಲ
ಅವರಿಗೆ ಟೀಚರೇ.

ಮೂರು ಸಿಲಿಂಡರಿನ ಇಂಜಿನ್ನು
ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾರಿ
ಬಾನೆಟ್ಟಿನ ಕೋಲು ಕಳಚಿ ಬಿತ್ತು.
'ಎಷ್ಟು ವರ್ಷ ಆಯ್ತು?'
ಕಾರಿಗೆ ಇಪ್ಪತ್ತೇಳು.
ನಾನೂ ಅತ್ತೆಯೂ ಒಂದೇ ಒಲೆಯ ಮುಂದೆ ನಿಂತು
ಹತ್ತೊಂಬತ್ತು.
ಎರಡನೆಯದನ್ನು ಹೇಳಲಿಲ್ಲ.

ಮಂಗಳವಾರ, ಶುಕ್ರವಾರ ಮಂಗಳೂರಿಗೆ ಡಯಾಲಿಸಿಸ್.
ಹಿಂದಿನ ಸೀಟಿನಲ್ಲಿ ಅವರು, ಮಡಿಲಲ್ಲಿ ಫೈಲು.
ನಡುಗುವ ಕನ್ನಡಿಯಲ್ಲಿ ಅವರಿಗೆ ಮೂರು ಮುಖ,
ಯಾವುದನ್ನು ನೋಡಿ ಮಾತಾಡುವುದು?
ಬಾಗಿಲು, ಡ್ಯಾಶ್‌ಬೋರ್ಡು, ಡಿಕ್ಕಿಯ ಜಾಕು,
ಎಲ್ಲವೂ ಒಟ್ಟಿಗೆ ಬಾಯಿ ಬಿಡುವಾಗ
ನಾವಿಬ್ಬರು ಸುಮ್ಮನಿರುವುದು
ಯಾರಿಗೂ ಕೇಳುತ್ತಿರಲಿಲ್ಲ.
ಸುಳ್ಳು ಹೇಳಬಾರದು, ಅದು ನನಗೆ ಅನುಕೂಲವೇ ಆಗಿತ್ತು.

ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಜೋತು ಬಿದ್ದು,
ಮಿದ್ಲಾಜ್ ಹಳೆಯದನ್ನು ಹೊರಗೆ ತೆಗೆದ.
ನಡುವಿನ ತೂತು ದುಂಡಗೆ ಉಳಿದಿಲ್ಲ, ಮೊಟ್ಟೆಯಾಗಿದೆ.
ಆಯಿಲು ಕುಡಿದು ಊದಿದೆ, ಒಂದು ಬದಿ ಸೀಳು,
ಬೆರಳಿಟ್ಟರೆ ಹಲಸಿನ ಮೇಣ.
'ಇದು ಹೋದದ್ದಲ್ಲ ಟೀಚರೇ, ಸವೆದದ್ದು.
ಹೋದದ್ದಾದರೆ ನಿಮಗೆ ಮೊದಲೇ ಗೊತ್ತಾಗ್ತಿತ್ತು.'

ಡೂಪ್ಲಿಕೇಟು ಇನ್ನೂರೈವತ್ತು, ಒರಿಜಿನಲ್ಲು ಒಂಬೈನೂರು.
ಮೂರು ಮೌಂಟು, ಕೆಳಗಿನ ಆರ್ಮಿನ ಬುಶ್ಶು ಬೇರೆ.
ಒರಿಜಿನಲ್ಲೇ ಹಾಕಿ, ಅಂದೆ.
ಅಂದ ಮೇಲೆ ಬ್ಯಾಗಿನಲ್ಲಿ ಕೈಯಾಡಿಸಿ ಎಣಿಸಿದೆ.
ಮಿದ್ಲಾಜನ ಉಪ್ಪ ಪೈವಳಿಕೆಯ ಗುಡ್ಡದಲ್ಲಿ
ಬೆಳಗಿನ ಜಾವ ರಬ್ಬರ್ ಕೆತ್ತುವವರಂತೆ.
'ನಮ್ಮ ಮರದ ಹಾಲೇ ಇರಬಹುದು' ಎಂದು
ಹೊಸ ಬುಶ್ಶನ್ನು ಮೂಸಿ ನೋಡಿ ನಕ್ಕ,
ಸಾಬೂನಿನ ನೀರು ಸವರಿ ವೈಸಿಗೆ ಕೊಟ್ಟು
ಹಿಡಿಕೆ ತಿರುಗಿಸಿದ.
ಪಿಸ್ಸೆಂದು ಗಾಳಿ ಬಿಟ್ಟು, ಕೂತಿತು.

ಕಾರಿನ್ನೂ ಜಾಕಿನ ಮೇಲೆ.
ಅವನು ಬೋಲ್ಟು ಬಿಗಿಯಲು ಹೊರಟದ್ದೇ ತಡ
ಮೇಸ್ತ್ರಿ ತುಳುವಿಗೆ ಇಳಿದರು.
ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಮೆತ್ತಗೆ:
'ನೇತಾಡುವಾಗ ಬಿಗಿ ಮಾಡಿದರೆ
ಕೆಳಗಿಳಿದ ಕೂಡಲೆ ರಬ್ಬರು ತಿರುಚಿಕೊಳ್ತದೆ,
ಆರು ತಿಂಗಳಿಗೆ ಹರೀತದೆ.
ಚಕ್ರ ನೆಲ ಮುಟ್ಟಬೇಕು. ಭಾರ ಕೂರಬೇಕು.
ಬಿಗಿ ಮಾಡುವುದು ಆಮೇಲೆ.'

ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು.
'ಹಿಂದೆ ಯಾರಾದರೂ ಕೂರ್ತಾರಾ, ದಿನಾ?'
ಅತ್ತೆ.
'ತೂಕ?'
ಹೋಗುವಾಗಲೋ, ಬರುವಾಗಲೋ, ಎಂದು ಕೇಳಿದೆ.
ಹೋಗುವಾಗ ನಲವತ್ತೆಂಟು ಪಾಯಿಂಟ್ ಎರಡು,
ಬರುವಾಗ ನಲವತ್ತಾರು.
ನನ್ನ ಬಾಯಿಯಲ್ಲಿ ಅಷ್ಟು ಸಲೀಸಾಗಿ ಬಂದದ್ದಕ್ಕೆ
ನಾನೇ ಸ್ವಲ್ಪ ತಬ್ಬಿಬ್ಬಾದೆ.
ಮೂಲೆಯಲ್ಲಿದ್ದ ಸಿಮೆಂಟಿನ ಚೀಲವನ್ನು
ಮಿದ್ಲಾಜ್ ಹೊತ್ತು ತಂದು ಹಿಂದಿನ ಸೀಟಿನಲ್ಲಿಟ್ಟ,
'ಎರಡು ಕಿಲೋ ಜಾಸ್ತಿ, ಸಾರ ಇಲ್ಲ.'
ಮೇಸ್ತ್ರಿ ಕಾರಿನಡಿ ತೂರಿಕೊಂಡರು.
ಕಟಕ್, ಕಟಕ್.
ಕನ್ನಡಿಯಲ್ಲಿ ನೋಡಿದೆ:
ಸಿಮೆಂಟಿನ ಚೀಲ, ನೆಟ್ಟಗೆ, ಗಂಭೀರವಾಗಿ,
ಥೇಟ್ ಅವರೇ.

ಶುಕ್ರವಾರ. ಹೊಸಂಗಡಿಯ ಗೇಟು ಬಿದ್ದಿದೆ.
ಮುಂದೆ ಒಂದು ಟೆಂಪೋ, ಅದರ ಮುಂದೆ ಹಳಿ,
ರೈಲಿನ ಸುದ್ದಿಯೇ ಇಲ್ಲ.
ಕನ್ನಡಿಯಲ್ಲಿ ಒಂದೇ ಮುಖ.
ಫೈಲಿನ ಪ್ಲಾಸ್ಟಿಕ್ಕು ಚರಚರ ಎನ್ನುವುದು
ಇಷ್ಟು ದಿನಗಳಲ್ಲಿ ಮೊದಲ ಸಲ ಕೇಳಿತು.
ಅವರ ಉಸಿರು ಕೂಡ, ಕೊನೆಗೆ ಚೂರು ಸೀಟಿ.
ನಾನು ಗೇರು ಮುಟ್ಟಿದೆ, ಬಿಟ್ಟೆ.

'ಬಂದ್ ಮಾಡಿದ್ಯಾ?'
ಇಲ್ಲ ಅತ್ತೆ.
'ಓಡ್ತಾ ಉಂಟಾ?'
ಓಡ್ತಾ ಉಂಟು.

ಅವರು ಮುಂದೆ ಬಾಗಿ
ಬ್ಯಾಂಡೇಜಿಲ್ಲದ ಕೈಯನ್ನು ನನ್ನ ಸೀಟಿನ ಬೆನ್ನಿಗಿಟ್ಟು
ನಡುಕವಿದೆಯೇ ಎಂದು
ತುಂಬ ಹೊತ್ತು ನೋಡಿದರು.