ಕಿಡಿ ಓದುವುದು

ಮೇಣದ ಅಚ್ಚಿನೊಳಗೆ ಕೂತಿದೆ ತುಣುಕು,
ಅಕ್ಕಿನುಚ್ಚಿನಷ್ಟು.
ಡಬ್ಬಿಯ ಮೇಲೆ ನಲವತ್ತೇಳು ಅಂತಿದೆ, ಹೆಸರಿಲ್ಲ.
ಹೆಸರು ನನಗೆ ಗೊತ್ತಿರಬಾರದು.

ಗೊತ್ತು.
ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದವಳು ನಾನೇ.
ಸಹಿ ಬರುತ್ತೆ ನಂಗೆ ಅಂತ ಆಮೇಲೆ ಹೇಳಿದರು,
ನಗುತ್ತ, ಸೆರಗಿಗೆ ನೀಲಿ ಒರೆಸಿಕೊಳ್ಳುತ್ತ.
ಹಾಲಮ್ಮ. ಭದ್ರಾವತಿ, ಕಾರ್ಖಾನೆ ಕ್ವಾರ್ಟರ್ಸಿನ ಹಿಂದಿನ ಸಾಲು.

ಬೆಳಗಿನ ಪ್ಯಾಸೆಂಜರ್ ಹಿಡಿದು ಶಿವಮೊಗ್ಗಕ್ಕೆ ಬರುತ್ತಾರೆ.
ಯಂತ್ರದ ಕೋಣೆಯ ಹೊರಗೆ ಬೆಂಚು, ಐದು ಹೆಂಗಸರು, ಐದು ಬಾಟಲಿ.
ಸಿಸ್ಟರ್ ಕೂಗಿದರೆ ಒಟ್ಟಿಗೇ ಎತ್ತುತ್ತಾರೆ.
ಮೂತ್ರಚೀಲ ತುಂಬಬೇಕು, ಕರುಳು ಮೇಲೆ ಸರಿಯಬೇಕು,
ಕಿರಣ ಬೀಳಬೇಕಾದಲ್ಲೇ ಬೀಳಬೇಕು.
"ಮದುವೆ ಮನೆ ಪಂಕ್ತಿ ಕಣಮ್ಮ ಇದು,
ಎಲೆ ಹಾಕೋದೇ ಮರೆತಿದಾರೆ."
ಹೊಟ್ಟೆಯ ಮೇಲೆ ನೇರಳೆ ಗೆರೆ, ಉಜ್ಜಿ ತೊಳೆಯುವಂತಿಲ್ಲ.
ಸೋಮವಾರ ಡ್ರಿಪ್ಪು.

ಅವರ ಗಂಡ ಕಾರ್ಖಾನೆಯಲ್ಲಿ ಕಿಡಿ ಓದುತ್ತಿದ್ದರಂತೆ.
ತಿರುಗುವ ಸಾಣೆಗೆ ಸರಳು ಒತ್ತಿ,
ಹಾರಿದ ಕಿಡಿಯ ಬಾಲ, ಕವಲು, ಬಣ್ಣ ನೋಡಿ,
ಇದು ಬೆಂಕಿಗೆ ಬಗ್ಗುತ್ತೆ,
ಇದು ಬಗ್ಗಲ್ಲ, ಬಿರಿಯುತ್ತೆ ಅಂತ
ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರಂತೆ.
"ನಿಂದೂ ಅದೇ ಕೆಲಸ ಅಲ್ವಾ?"
ಅಲ್ಲ ಅನ್ನಲು ಬಾಯಿ ತೆರೆದೆ.

ನಾನು ನೋಡುವುದು ಯಾವ ವೈರಸ್ಸು, ಹದಿನಾರೋ ಹದಿನೆಂಟೋ;
ಬಳೆಯ ಹಾಗೆ ಸುತ್ತಿಕೊಂಡು ಜಗಲಿಯಲ್ಲೇ ಇದೆಯೋ,
ಕೋಶದ ಬರಹದ ನಡುವೆ ತನ್ನ ಸಾಲು ತುರುಕಿ
ಮನೆಯವನೇ ಆಗಿಬಿಟ್ಟಿದೆಯೋ;
ಹರಿದ ಎಳೆ ಹೊಲಿಯುವ ಜೀನು
ತೂಕಡಿಸುತ್ತಿದೆಯೋ, ಎದ್ದಿದೆಯೋ.
ಇಲ್ಲಿಯದು ತಲೆಕೆಳಗು ಲೆಕ್ಕ:
ಹೊಲಿಗೆ ಬಾರದ ಕೋಶ ಕಿರಣಕ್ಕೆ ಸೋಲುತ್ತದೆ.
ಜಾಣ ದರ್ಜಿಯಿದ್ದರೆ ರಾತ್ರಿಯೆಲ್ಲ ಕೂತು
ಬೆಳಗಾಗುವುದರೊಳಗೆ ಎಲ್ಲ ಸರಿಮಾಡಿಡುತ್ತಾನೆ.
ಅವನ ದಾರ ತುಂಡಾಗಲಿ ಅಂತ ಹಾರೈಸುವ ಕೆಲಸ ನನ್ನದು.

ನಲವತ್ತೇಳು: ಹದಿನೆಂಟು.
ಒಳಗೆ ಸೇರಿದೆ.
ದರ್ಜಿ ಎಚ್ಚರವಾಗಿದ್ದಾನೆ.

ಇದು ಅಧ್ಯಯನ ಮಾತ್ರ, ಚಿಕಿತ್ಸೆ ಬದಲಾಗುವುದಿಲ್ಲ,
ಫಲಿತಾಂಶ ರೋಗಿಗೆ ತಿಳಿಸುವುದಿಲ್ಲ.
ಪತ್ರದ ಏಳನೇ ಸಾಲು. ನಾನೇ ಓದಿ ಹೇಳಿದ್ದೆ,
ಅವರು ತಲೆಯಾಡಿಸಿದ್ದರು.
ಇವತ್ತು ಹತ್ತೊಂಬತ್ತನೇ ದಿನ. ಬಾಟಲಿ ಅರ್ಧಕ್ಕೆ ಬಂದಾಗ
ಸಾರಿಗೆ ಉಪ್ಪು ಸಾಕಾ ಅಂತ ಕೇಳುವ ಹಾಗೆ ಕೇಳಿದರು:
"ನನ್ನ ಕಿಡಿ ಹೆಂಗಿದೆ?"

"ನೀರು ಕುಡೀರಿ" ಅಂದೆ.

ಕುಡಿದರು, ಪೂರ್ತಿ. ಬಾಯಿ ಒರೆಸಿಕೊಂಡರು.
"ನಮ್ಮೋರು ಎರಡು ಸಲ ತಪ್ಪು ಗುರುತು ಹಾಕಿದ್ರು.
ಒಂದ್ಸಲ ಸಂಬಳ ಹಿಡಿದ್ರು.
ಇನ್ನೊಂದ್ಸಲ ಯಾರಿಗೂ ಗೊತ್ತೇ ಆಗ್ಲಿಲ್ಲ.
ಯಾವ್ದೋ ರೈಲಿನ ಕೆಳಗೆ ಇನ್ನೂ ಓಡ್ತಾ ಇರಬೇಕು ಅದು.
ನಾನು ಬರೋದೇ ಆ ರೈಲೋ ಏನೋ."

ಹೆಸರು ಕೂಗಿದರು.
ಚಪ್ಪಲಿ ಬೆಂಚಿನಡಿ ತಳ್ಳಿ
ತುಂಬಿದ ಕೊಡ ಹೊತ್ತವರ ನಡಿಗೆಯಲ್ಲಿ ಒಳಗೆ ಹೋದರು.
ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು.

ನನ್ನ ಹಾಳೆಯ ಕೊನೆಯ ಅಂಕಣ
ಮೂರು ತಿಂಗಳ ಮೇಲೆ ತುಂಬುವುದು.
ಉಳಿದವನ್ನೆಲ್ಲ ಪೆನ್ನಿನಲ್ಲೇ ಬರೆದಿದ್ದೇನೆ,
ಅಳಿಸಲು ಬರುವುದಿಲ್ಲ.